ಹನ್ನೊಂದು ಬಾವಿಗಳು, ಮೂರು ಹಾಳೆಗಳು: ಆನರ್ಸ್ ವರ್ಷದ ಗುರಿಗಳ ಬಗ್ಗೆ ಒಂದು ಪ್ರಕರಣ ಅಧ್ಯಯನ

ಉಡುಪಿ ಸಮೀಪದ ಕಾಲೇಜೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ 2024-25ನೇ ಸಾಲಿನಲ್ಲಿ ನಾಲ್ಕನೆಯ ವರ್ಷದ ಆನರ್ಸ್‌ಗೆ ಸೇರಿದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ ಇದು. ಆಕೆಯ ಪ್ರಬಂಧಕ್ಕೆ ಮಾರ್ಗದರ್ಶಕನಾಗಿದ್ದವನು ನಾನೇ ಆದ್ದರಿಂದ ಇದನ್ನು ದೂರ ನಿಂತು ನೋಡಿ ಬರೆದ ವರದಿ ಎನ್ನುವಂತಿಲ್ಲ; ನನ್ನ ತಪ್ಪುಗಳೂ ಇದರಲ್ಲಿ ಸೇರಿವೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರನ್ನು ಬಿಟ್ಟಿದ್ದೇನೆ, ಆಕೆ ನೀರು ಸಂಗ್ರಹಿಸಿದ ಊರಿನ ಹೆಸರನ್ನೂ ಬಿಟ್ಟಿದ್ದೇನೆ. ಊರಿನ ಹೆಸರು ಬಿಡುವುದಕ್ಕೆ ಬೇರೆಯದೇ ಕಾರಣವಿದೆ, ಅದು ಮುಂದೆ ಬರುತ್ತದೆ.

ಹಿನ್ನೆಲೆ

ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷಗಳ ಪದವಿಯನ್ನು ಕರ್ನಾಟಕ 2021-22ರಲ್ಲಿ ಜಾರಿಗೆ ತಂದಿತು. 2024-25ರಿಂದ ಹೊಸದಾಗಿ ಸೇರುವವರಿಗೆ ಮತ್ತೆ ಮೂರು ವರ್ಷದ ಪದವಿಯೇ ಎಂದಾಯಿತು. ಈ ವಿದ್ಯಾರ್ಥಿನಿ 2021ರ ತಂಡದವಳು. ಹೀಗಾಗಿ ನಾಲ್ಕನೆಯ ವರ್ಷ ಎಂದರೇನು, ಅದರಲ್ಲಿ ಏನು ಮಾಡಬೇಕು ಎಂದು ಕೇಳಲು ಆಕೆಗೆ ಹಿರಿಯ ವಿದ್ಯಾರ್ಥಿಗಳೇ ಇರಲಿಲ್ಲ, ಹೇಳಿಕೊಡಬೇಕಾದ ನಮಗೂ ಅದು ಮೊದಲ ವರ್ಷವಾಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಹೊರತಂದ ಪಠ್ಯಕ್ರಮ ಚೌಕಟ್ಟಿನಲ್ಲಿ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಮತ್ತು ಅದಕ್ಕಿಂತ ಹೆಚ್ಚು ಅಂಕ ಪಡೆದವರು ಸಂಶೋಧನೆಯೊಂದಿಗಿನ ಆನರ್ಸ್ ಆಯ್ದುಕೊಳ್ಳಬಹುದು, ಪ್ರಬಂಧಕ್ಕೆ 12 ಕ್ರೆಡಿಟ್ ಎಂದಿತ್ತು. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಇದ್ದರೆ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು ಎಂಬ 2022ರ ನಿಯಮವೂ, ಆನರ್ಸ್ ಮಾಡಿದವರಿಗೆ ಎಂಎಸ್ಸಿ ಒಂದೇ ವರ್ಷ ಎಂಬ ಮಾತೂ ಸ್ಟಾಫ್ ರೂಮಿನಿಂದ ಕ್ಯಾಂಟೀನಿನವರೆಗೆ ಓಡಾಡುತ್ತಿದ್ದವು.

ಆಕೆಯ ತಂದೆ ಮುಂಬಯಿಯ ಹೋಟೆಲೊಂದರಲ್ಲಿದ್ದಾರೆ, ತಾಯಿ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಪ್ರವೇಶದ ದಿನ ಮಗಳೊಂದಿಗೆ ಬಂದ ತಾಯಿ ಕೇಳಿದ್ದು ಒಂದೇ ಪ್ರಶ್ನೆ: "ಮೂರು ವರ್ಷಕ್ಕೇ ಡಿಗ್ರಿ ಸಿಗುತ್ತದಲ್ಲ ಸರ್, ಇನ್ನೊಂದು ವರ್ಷ ಇವಳು ಏನು ಮಾಡಲಿಕ್ಕುಂಟು?" ನಾನು ಕೊಟ್ಟ ಉತ್ತರ ಈಗ ನೆನಪಿಗೆ ಬರುವುದಿಲ್ಲ. ಬಹುಶಃ ಪಿಎಚ್‌ಡಿ, ಒಂದು ವರ್ಷದ ಉಳಿತಾಯ ಎಂದೆಲ್ಲ ಹೇಳಿರಬೇಕು. ಆ ಪ್ರಶ್ನೆಗೆ ನಿಜವಾದ ಉತ್ತರ ನನ್ನ ಬಳಿಯೂ ಆಗ ಇರಲಿಲ್ಲ.

ಮೊದಲ ಹಾಳೆ

ಮೊದಲ ವಾರದಲ್ಲಿ ಪ್ರತಿಯೊಬ್ಬರೂ ವರ್ಷದ ಗುರಿಗಳನ್ನು ಒಂದು ಹಾಳೆಯಲ್ಲಿ ಬರೆದು ಮಾರ್ಗದರ್ಶಕರ ಸಹಿ ಪಡೆಯಬೇಕೆಂದು ವಿಭಾಗದಲ್ಲಿ ತೀರ್ಮಾನಿಸಿದ್ದೆವು. ಆಕೆಯ ಹಾಳೆಯಲ್ಲಿ ಶೇ. 90 ಅಂಕ, ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಒಂದು ಲೇಖನ, ಪಿಎಚ್‌ಡಿ ಸೀಟು ಎಂಬ ಮೂರು ಗುರಿಗಳಿದ್ದವು. ಕೆಳಗೆ ಪ್ರಬಂಧದ ಶೀರ್ಷಿಕೆ: 'ಉಡುಪಿ ಜಿಲ್ಲೆಯ ಅಂತರ್ಜಲದ ಗುಣಮಟ್ಟ ಹಾಗೂ ಸಾರ್ವಜನಿಕರ ಆರೋಗ್ಯದ ಮೇಲೆ ಅದರ ಪರಿಣಾಮಗಳು: ಒಂದು ಸಮಗ್ರ ಅಧ್ಯಯನ.' ನಾನು ಸಹಿ ಹಾಕಿದೆ. ಒಬ್ಬಳು ಹುಡುಗಿ, ಒಂದು ಬ್ಯೂರೆಟ್, ಎರಡು ಸೆಮಿಸ್ಟರ್ ಇಟ್ಟುಕೊಂಡು ಒಂದು ಇಡೀ ಜಿಲ್ಲೆಯ ನೀರನ್ನೂ ಅದನ್ನು ಕುಡಿಯುವವರ ಆರೋಗ್ಯವನ್ನೂ ಅಳೆಯುವುದು ಸಾಧ್ಯವಿಲ್ಲ ಎಂಬುದು ಆಗಲೂ ನನಗೆ ಗೊತ್ತಿತ್ತು; ಆದರೆ ದೊಡ್ಡ ಶೀರ್ಷಿಕೆ ಫೈಲಿನಲ್ಲಿ ಚೆನ್ನಾಗಿ ಕಾಣುತ್ತದೆ, 'ಸಮಗ್ರ' ಎಂಬ ಪದ ನೋಡಿದರೆ ನಮ್ಮಂಥವರ ಕೈ ತಾನಾಗಿಯೇ ಪೆನ್ನಿನ ಕಡೆಗೆ ಹೋಗುತ್ತದೆ.

ಐದು ವಾರ ಕಳೆಯಿತು. ಅಷ್ಟರಲ್ಲಿ ಆಕೆ ಅಂತರ್ಜಾಲದಿಂದ ಅರವತ್ತು ಪುಟಗಳಷ್ಟು ವಿಷಯ ಸಂಗ್ರಹಿಸಿದ್ದಳು. ನೀರಿನ ಮಹತ್ವ, ನೀರಿನ ಮಾಲಿನ್ಯದ ವಿಧಗಳು, ಜಗತ್ತಿನ ನೀರಿನ ಸಮಸ್ಯೆ. ಒಂದು ಹನಿ ನೀರನ್ನೂ ಪರೀಕ್ಷಿಸಿರಲಿಲ್ಲ. ನಿನ್ನ ಪ್ರಶ್ನೆ ಯಾವುದು ಎಂದು ಕೇಳಿದೆ.

"ನೀರು ಕಲುಷಿತ ಆಗಿದೆ ಅಂತ ತೋರಿಸುವುದು ಸರ್."

"ಆಗಿಲ್ಲದಿದ್ದರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಕೇಳಿದಳು, "ಆಗ ಪ್ರಬಂಧ ಹೇಗೆ ಆಗುತ್ತದೆ ಸರ್?"

ಇಡೀ ಪ್ರಕರಣದ ಗಂಟು ಈ ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಆಕೆಯನ್ನು ದೂರುವಂತಿಲ್ಲ, ಏಕೆಂದರೆ ಮೂರು ವರ್ಷ ಪ್ರಯೋಗಾಲಯದಲ್ಲಿ ನಾವು ಕಲಿಸಿದ್ದೇ ಅದನ್ನು. ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಗೆ ಕೊಡುವ ದ್ರಾವಣದ ಸಾಂದ್ರತೆ ಪರೀಕ್ಷಕರ ಚೀಟಿಯಲ್ಲಿ ಮೊದಲೇ ಇರುತ್ತದೆ. ಅದಕ್ಕೆ ಹತ್ತಿರದ ಉತ್ತರ ಬಂದರೆ ಪೂರ್ಣ ಅಂಕ, ದೂರವಾದಂತೆ ಅಂಕ ಕಡಿತ. ಪಕ್ಕದ ಮೇಜಿನವರ ರೀಡಿಂಗ್ ನೋಡಿ ತಮ್ಮದನ್ನು ಅರ್ಧ ಮಿಲಿಲೀಟರ್ 'ಸರಿಪಡಿಸುವ' ಕಲೆ ಎಲ್ಲ ವಿದ್ಯಾರ್ಥಿಗಳಿಗೂ ಬರುತ್ತದೆ, ಅದು ನಮಗೂ ಗೊತ್ತು. ಉತ್ತರ ಎಲ್ಲೋ ಬರೆದಿಟ್ಟಿದೆ, ಅದನ್ನು ಮುಟ್ಟುವುದೇ ಪ್ರಯೋಗ ಎಂದು ಆರು ಸೆಮಿಸ್ಟರ್ ನಂಬಿದವಳಿಗೆ ಏಳನೆಯ ಸೆಮಿಸ್ಟರಿನಲ್ಲಿ ಒಮ್ಮೆಲೇ ಚೀಟಿಯೇ ಇಲ್ಲ ಎಂದರೆ ಆಕೆ ತಾನೇ ಒಂದು ಚೀಟಿ ಬರೆದುಕೊಳ್ಳುತ್ತಾಳೆ. 'ನೀರು ಕಲುಷಿತವಾಗಿದೆ' ಎಂಬುದು ಆ ಚೀಟಿ.

ಪ್ರಶ್ನೆ ಸಿಕ್ಕಿದ ಬಗೆ

ಪ್ರಶ್ನೆ ಸಿಕ್ಕಿದ್ದು ಗ್ರಂಥಾಲಯದಲ್ಲಲ್ಲ. ನಿಮ್ಮ ಮನೆಯ ಬಾವಿಯ ನೀರು ಹೇಗಿದೆ ಎಂದು ಮಾತಿನ ನಡುವೆ ಕೇಳಿದಾಗ, ತಮ್ಮದು ಒಳ್ಳೆಯದೇ, ಆದರೆ ಹೊಳೆಯ ಬದಿಯ ಅಜ್ಜಿಯೊಬ್ಬರು 'ಏಪ್ರಿಲ್ ಬಂದರೆ ಗಂಜಿಗೆ ಉಪ್ಪು ಹಾಕುವ ಕೆಲಸ ಇಲ್ಲ' ಎಂದು ಹೇಳುತ್ತಿರುತ್ತಾರೆ ಎಂದಳು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಇಂಗಿ, ಬೇಗನೆ ಹೊಳೆಗೂ ಸಮುದ್ರಕ್ಕೂ ಹರಿದುಹೋಗುತ್ತದೆ. ಹೊಳೆಯಲ್ಲಿ ಸಿಹಿನೀರಿನ ಹರಿವು ಕಡಿಮೆಯಾದಾಗ ಭರತದೊಂದಿಗೆ ಉಪ್ಪುನೀರು ಒಳಗೆ ಏರಿ ಬರುತ್ತದೆ; ಅದನ್ನು ತಡೆಯಲೆಂದೇ ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುತ್ತಾರೆ. ನೆಲದಡಿಯಲ್ಲೂ ಇದೇ ಒತ್ತಾಟ ನಡೆಯುತ್ತಿರುತ್ತದೆ. ಸಮುದ್ರದ ನೀರಿನ ಸಾಂದ್ರತೆ ಸಿಹಿನೀರಿಗಿಂತ ಶೇ. 2.5ರಷ್ಟು ಹೆಚ್ಚು ಇರುವುದರಿಂದ, ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ದರೆ ಅದು ತನ್ನ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಉಪ್ಪುನೀರನ್ನು ಒತ್ತಿ ಹಿಡಿಯುತ್ತದೆ ಎಂಬ ಲೆಕ್ಕ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಇದೆ. ಬೇಸಿಗೆಯಲ್ಲಿ ಮೇಲಿನ ಮಟ್ಟ ಅರ್ಧ ಮೀಟರ್ ಇಳಿದರೂ ಕೆಳಗಿನ ಗಡಿ ಎಷ್ಟು ಮೇಲೇರಬಹುದು ಎಂದು ಆಕೆಯೇ ಗುಣಿಸಿ ನೋಡಿದಳು. ಆ ದಿನ ಮೊದಲ ಬಾರಿಗೆ ಆಕೆ ನನ್ನ ಕೋಣೆಯಿಂದ ಹೊರಡುವಾಗ ಬಸ್ಸಿನ ಸಮಯ ನೋಡಲಿಲ್ಲ.

ಹೀಗೆ ನಿಂತ ಪ್ರಶ್ನೆ ಇಷ್ಟೇ: ಹೊಳೆಯ ಉಪ್ಪುನೀರಿನ ಭಾಗದಿಂದ ದೂರ ಹೋದಂತೆ, ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಒಂದೇ ಊರಿನ ತೆರೆದ ಬಾವಿಗಳಲ್ಲಿ ಕ್ಲೋರೈಡ್ ಪ್ರಮಾಣ, ಅಂದರೆ ಉಪ್ಪಿನ ಮುಖ್ಯ ಅಂಶದ ಪ್ರಮಾಣ, ಹೇಗೆ ಬದಲಾಗುತ್ತದೆ? ಜಿಲ್ಲೆ ಹೋಯಿತು, ಆರೋಗ್ಯ ಹೋಯಿತು, 'ಸಮಗ್ರ'ವೂ ಹೋಯಿತು. ಶೀರ್ಷಿಕೆ ಸಣ್ಣದಾದದ್ದಕ್ಕೆ ಆಕೆಗೆ ಸ್ವಲ್ಪ ಬೇಸರವಾದದ್ದು ಮುಖದಲ್ಲಿ ಕಾಣುತ್ತಿತ್ತು.

ಎರಡನೆಯ ಹಾಳೆಯನ್ನು ಬರೆಯುವಾಗ ಆಕೆ 40 ಬಾವಿಗಳೆಂದು ಶುರುಮಾಡಿದಳು. ನಾನು ಬೇಡ ಎನ್ನಲಿಲ್ಲ, ಒಂದು ಬಾವಿಗೆ ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಲು ಹೇಳಿದೆ. ಒಂದು ಮಾದರಿಗೆ ಮೂರು ಟೈಟ್ರೇಷನ್ (ಬ್ಯೂರೆಟ್ ಎಂಬ ಅಳತೆಗೊಳವೆಯಿಂದ ದ್ರಾವಣವನ್ನು ಬಣ್ಣ ತಿರುಗುವವರೆಗೆ ಹನಿಹನಿಯಾಗಿ ಬಿಟ್ಟು ಅಳೆಯುವುದು), ನಡುವೆ ತೊಳೆಯುವುದು, ಬರೆದುಕೊಳ್ಳುವುದು ಎಲ್ಲ ಸೇರಿ ಮುಕ್ಕಾಲು ಗಂಟೆ. ಪ್ರಯೋಗಾಲಯ ಆಕೆಗೆ ಸಿಗುವುದು ವಾರಕ್ಕೆ ಎರಡು ಮಧ್ಯಾಹ್ನ. ಸಂಖ್ಯೆ ತಾನಾಗಿಯೇ 12ಕ್ಕೆ ಇಳಿಯಿತು. ಜನವರಿಯಲ್ಲಿ ಒಂದು ಮನೆಯವರು ಬಾವಿಯ ಹೂಳೆತ್ತಿಸಿದ್ದರಿಂದ ಅದನ್ನು ಕೈಬಿಡಬೇಕಾಗಿ ಬಂದು ಕೊನೆಗೆ ಉಳಿದವು 11.

ಈ ಹಾಳೆಯಲ್ಲಿದ್ದ ಗುರಿಗಳ ಸ್ವಭಾವವೇ ಬೇರೆ. ಪ್ರತಿ ತಿಂಗಳ ಮೊದಲ ವಾರ, ಬೆಳಿಗ್ಗೆ ಮನೆಯವರು ಪಂಪ್ ಹಾಕುವ ಮೊದಲು ನೀರು ತೆಗೆಯುವುದು. ವಾರಕ್ಕೆ ಒಂದು ಸಂಶೋಧನಾ ಲೇಖನ ಓದಿ, ಅದರ ಲೇಖಕರು ಏನು ಕೇಳಿದರು, ಹೇಗೆ ಅಳೆದರು, ಏನನ್ನು ಹೇಳಲಾಗಲಿಲ್ಲ ಎಂದು ಅರ್ಧ ಪುಟ ಬರೆಯುವುದು. ಫೆಬ್ರವರಿಯೊಳಗೆ ವಿಧಾನದ ಅಧ್ಯಾಯ ಮುಗಿಸುವುದು. ಶೇ. 90 ಎಂಬುದನ್ನು ನಾನು ಹೊಡೆದುಹಾಕಲಿಲ್ಲ. ಅಂಕ ಬೇಡ ಎನ್ನುವುದು ಸಂಬಳ ಬರುವವರ ಮಾತು. ಅದನ್ನು ಹಾಳೆಯ ಹಿಂಬದಿಗೆ ಬರೆಸಿದೆ, ಏಕೆಂದರೆ ಅದು ಇತರರು ಕೊಡುವಂಥದ್ದು. ಮುಂಬದಿಯಲ್ಲಿರುವುದೆಲ್ಲ ಆಕೆಯ ಕೈಯಲ್ಲೇ ಇರುವಂಥದ್ದು. ಪಿಎಚ್‌ಡಿ ಸೀಟು ಎಂಬ ಸಾಲು ಮಾತ್ರ ಪ್ರಶ್ನೆಯಾಗಿ ಬದಲಾಯಿತು: 'ಈ ಬಗೆಯ ಕೆಲಸ ನನಗೆ ಇಷ್ಟವೇ? ಉತ್ತರ ಬರೆಯುವ ದಿನ: ಏಪ್ರಿಲ್ 30.'

ನವೆಂಬರ್‌ನ ರೀಡಿಂಗ್‌ಗಳು

ವಿಧಾನ ಹಳೆಯದು, ಮೋರ್ ಟೈಟ್ರೇಷನ್. 50 ಮಿಲಿಲೀಟರ್ ನೀರಿಗೆ ಪೊಟ್ಯಾಸಿಯಂ ಕ್ರೋಮೇಟ್ ಹಾಕಿದರೆ ಹಳದಿಯಾಗುತ್ತದೆ. ಬ್ಯೂರೆಟ್‌ನಿಂದ ಸಿಲ್ವರ್ ನೈಟ್ರೇಟ್ ಬಿಡುತ್ತ ಹೋದಂತೆ ಕ್ಲೋರೈಡ್ ಬಿಳಿ ಗಸಿಯಾಗಿ ಬೇರ್ಪಡುತ್ತದೆ, ಅದು ಮುಗಿದ ಕ್ಷಣ ಬೆಳ್ಳಿ ಕ್ರೋಮೇಟಿನೊಂದಿಗೆ ಸೇರಿ ಹಳದಿಯ ನಡುವೆ ಇಟ್ಟಿಗೆ ಕೆಂಪಿನ ಛಾಯೆಯೊಂದು ಮೂಡಿ ನಿಲ್ಲುತ್ತದೆ. ಆ ಛಾಯೆ ಯಾವ ಹನಿಗೆ ಬಂತು ಎಂಬುದರಲ್ಲೇ ಎಲ್ಲವೂ ಇದೆ. 0.0141 ನಾರ್ಮಲ್ ಸಾಂದ್ರತೆಯ ದ್ರಾವಣ ಬಳಸಿದರೆ ಒಂದು ಮಿಲಿಲೀಟರ್ ಎಂದರೆ ಲೀಟರಿಗೆ 10 ಮಿಲಿಗ್ರಾಂ ಕ್ಲೋರೈಡ್. ಚಪ್ಪೆ ನೀರಿನ ಬಾವಿಗೆ ಒಂದೆರಡು ಮಿಲಿಲೀಟರ್ ಸಾಕಾಗುವುದರಿಂದ ಅಲ್ಲಿ ನಾಲ್ಕು ಹನಿ ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಬರಿಯ ಬಟ್ಟಿ ಇಳಿಸಿದ ನೀರಿಗೂ ಬಣ್ಣ ತಿರುಗಲು ಬೇಕಾಗುವ 0.2 ಮಿಲಿಲೀಟರನ್ನು, ಅಂದರೆ ಬ್ಲಾಂಕ್ ರೀಡಿಂಗನ್ನು, ಕಳೆಯಲೇಬೇಕೆಂದು ಇದಕ್ಕೇ ಹೇಳುವುದು. ನವೆಂಬರ್ ಕೊನೆಗೆ ಆಕೆಯ ಬಲಗೈ ಬೆರಳುಗಳ ತುದಿ ಸಿಲ್ವರ್ ನೈಟ್ರೇಟ್ ತಾಗಿ ಕಪ್ಪಾಗಿದ್ದವು. ಬಸ್ಸಿನಲ್ಲಿ ಜನ ನೋಡುತ್ತಾರೆ ಎಂದು ದೂರಿದಳು, ಆದರೆ ದೂರಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಡಿಸೆಂಬರ್ ಮೊದಲ ವಾರ, ಓದುತ್ತಿದ್ದ ಲೇಖನವೊಂದನ್ನು ಹಿಡಿದುಕೊಂಡು ಬಂದಳು. ಅದರ ವಿಧಾನದ ಭಾಗದಲ್ಲಿ ಟೈಟ್ರೇಷನ್‌ಗೆ ಮೊದಲು ನೀರಿನ ಪಿಎಚ್ (ಆಮ್ಲೀಯತೆಯ ಅಳತೆ; 7ಕ್ಕಿಂತ ಕಡಿಮೆಯಾದರೆ ಆಮ್ಲೀಯ) 7ರಿಂದ 10ರ ನಡುವೆ ಇರುವಂತೆ ಮಾಡಿಕೊಂಡೆವು ಎಂಬ ಒಂದು ಸಾಲಿತ್ತು. "ನಾವು ಪಿಎಚ್ ನೋಡಲೇ ಇಲ್ಲ ಸರ್." ನೋಡಿದೆವು. ಮುರಕಲ್ಲು ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಸ್ವಲ್ಪ ಆಮ್ಲೀಯ. ಆಕೆಯ ಬಹುಪಾಲು ಬಾವಿಗಳು ಆರರ ಆಸುಪಾಸಿನಲ್ಲಿದ್ದವು. ಆಮ್ಲೀಯ ನೀರಿನಲ್ಲಿ ಕ್ರೋಮೇಟಿನ ಒಂದು ಪಾಲು ಡೈಕ್ರೋಮೇಟ್ ಆಗಿ, ಕೆಂಪು ಛಾಯೆ ತಡವಾಗಿ ಮೂಡುತ್ತದೆ, ಕ್ಲೋರೈಡ್ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ಅಂದರೆ ಒಂದು ತಿಂಗಳ ಸಂಖ್ಯೆಗಳೆಲ್ಲ ಒಂದೇ ದಿಕ್ಕಿಗೆ ತಪ್ಪಿದ್ದವು. ಇದನ್ನು ನಾನು ಎರಡು ದಶಕಗಳಿಂದ ಪಾಠ ಮಾಡುತ್ತಿದ್ದೇನೆ, ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಕೇಳಿಯೂ ಇದ್ದೇನೆ. ನಮ್ಮೂರಿನ ಬಾವಿಯ ನೀರಿಗೆ ಅದು ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ.

ಆಕೆ ರಬ್ಬರ್ ತೆಗೆದಳು. ನಾನು ತಡೆದೆ. ತಪ್ಪಿದ ಪುಟದ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಕಾರಣ ಮತ್ತು ದಿನಾಂಕ, ಕೆಳಗಿನ ಸಂಖ್ಯೆಗಳು ಓದುವಂತೆ ಉಳಿಯಬೇಕು. ಅದೃಷ್ಟಕ್ಕೆ ಕ್ಲೋರೈಡ್ ಮುಚ್ಚಿಟ್ಟ ಬಾಟಲಿಯಲ್ಲಿ ಕೆಡುವಂಥದ್ದಲ್ಲ, ನಾಲ್ಕು ವಾರ ಇಟ್ಟು ಅಳೆಯಬಹುದು. 12 ಬಾಟಲಿಗಳಲ್ಲಿ 7 ಇನ್ನೂ ಕಪಾಟಿನಲ್ಲಿದ್ದವು, 5ನ್ನು ತೊಳೆದು ಕವುಚಿ ಹಾಕಿಯಾಗಿತ್ತು. ಆ 7ನ್ನು ಸೋಡಿಯಂ ಬೈಕಾರ್ಬನೇಟ್ ಹಾಕಿ ಸರಿಪಡಿಸಿಕೊಂಡು ಮತ್ತೆ ಅಳೆದಾಗ ಎಲ್ಲವೂ ಕೆಳಗಿಳಿದವು. ಉಳಿದ 5ರ ಮುಂದೆ ಪ್ರಬಂಧದ ಕೋಷ್ಟಕದಲ್ಲಿ ಒಂದು ಅಡ್ಡಗೆರೆ ಇದೆ. ಅದು ಇರಲಿ ಎಂದು ಆಕೆಯೇ ಹೇಳಿದಳು. ಅಕ್ಕಪಕ್ಕದ ಬಾವಿಗಳ ಸರಾಸರಿ ಹಾಕಿ ತುಂಬಿಸೋಣವೇ ಎಂದು ಸಹಪಾಠಿಯೊಬ್ಬ ಕೊಟ್ಟ ಸಲಹೆಯನ್ನು ನನ್ನವರೆಗೆ ತರಲೂ ಇಲ್ಲ, ನನಗೆ ಅದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಈ ವರ್ಷದಲ್ಲಿ ಆಕೆ ಸಂಶೋಧನೆ ಎಂದರೇನೆಂದು ತಿಳಿದ ದಿನ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಅಡ್ಡಗೆರೆಯನ್ನು ತೋರಿಸುತ್ತೇನೆ.

ಮೂರನೆಯ ಬಾವಿ

ಮಾರ್ಚ್ ಸುತ್ತಿನ ಹೊತ್ತಿಗೆ ಇನ್ನೊಂದು ತೊಡಕು ಬಂತು. ದೂರ ಹೆಚ್ಚಿದಂತೆ ಕ್ಲೋರೈಡ್ ಕಡಿಮೆಯಾಗಬೇಕು ಎಂಬುದು ನಿರೀಕ್ಷೆ, ಹೆಚ್ಚಿನ ಬಾವಿಗಳು ಹಾಗೆಯೇ ಇದ್ದವು. ಆದರೆ ಹೊಳೆಗೆ ತೀರ ಹತ್ತಿರದ ಮೂರನೆಯ ಬಾವಿ ನವೆಂಬರ್‌ನಲ್ಲಿದ್ದಷ್ಟೇ ಚಪ್ಪೆಯಾಗಿ ಉಳಿದಿತ್ತು, ಅದಕ್ಕಿಂತ ಸಾಕಷ್ಟು ಒಳಗಿರುವ ಎಂಟನೆಯ ಬಾವಿ ತಿಂಗಳು ತಿಂಗಳಿಗೆ ಏರುತ್ತಿತ್ತು.

"ಮೂರನ್ನು ಬಿಟ್ಟುಬಿಡಲಾ ಸರ್? ಅದು ಇಡೀ ಗ್ರಾಫ್ ಹಾಳು ಮಾಡುತ್ತದೆ."

ಹಳೆಯ ಚೀಟಿ ಮತ್ತೆ ಹೊರಗೆ ಬಂದಿತ್ತು. ಬಿಡುವ ಮೊದಲು ಒಮ್ಮೆ ಹೋಗಿ ಬಾವಿಯನ್ನೇ ನೋಡಿ ಬಾ ಎಂದೆ. ಅಲ್ಲಿಯವರೆಗೆ ಆಕೆ ಕಟ್ಟೆಯ ಬಳಿ ನಿಂತು ಬಾಟಲಿ ತುಂಬಿಸಿಕೊಂಡು ಬರುತ್ತಿದ್ದಳೇ ಹೊರತು ಮನೆಯವರೊಂದಿಗೆ ಕುಳಿತು ಮಾತಾಡಿರಲಿಲ್ಲ. ಮೂರನೆಯದು ಇಬ್ಬರೇ ವೃದ್ಧರಿರುವ ಮನೆ. ರಾಟೆಯಲ್ಲಿ ದಿನಕ್ಕೆ ಏಳೆಂಟು ಕೊಡ ನೀರು ಸೇದುತ್ತಾರೆ, ಅಷ್ಟೇ. ಎಂಟನೆಯದರಲ್ಲಿ ಪಂಪ್ ಇದೆ, ಮಲ್ಲಿಗೆ ಗಿಡಗಳಿಗೂ ಒಂದಷ್ಟು ಅಡಿಕೆಗೂ ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ನೀರು ಬಿಡಬೇಕು. ಬಾವಿಯಿಂದ ನೀರನ್ನು ಜೋರಾಗಿ ಎಳೆದಾಗ ಕೆಳಗಿನ ಉಪ್ಪುನೀರು ಆ ಜಾಗದಲ್ಲಿ ಮೇಲೇಳುತ್ತದೆ ಎಂಬುದನ್ನು ಆಕೆ ಓದಿದ್ದಳು. ಮರುದಿನ ಬಂದವಳ ಮುಖ ನೋಡಬೇಕಿತ್ತು.

ಈ ಸಲ ನನ್ನ ಕೆಲಸ ತಿರುವುಮುರುವಾಯಿತು. ಎರಡು ದಿನಗಳ ಹಿಂದೆ ಬಾವಿಯನ್ನೇ ಬಿಡಲು ಹೊರಟಿದ್ದವಳು ಈಗ ಪಂಪೇ ಕಾರಣ ಎಂದು ತೀರ್ಮಾನದ ಅಧ್ಯಾಯದಲ್ಲಿ ಬರೆದುಕೊಂಡು ಬಂದಿದ್ದಳು. ಎರಡು ಬಾವಿಗಳ ಆಳ ಬೇರೆ, ಕೆಳಗಿನ ಕಲ್ಲು ಬೇರೆ ಇರಬಹುದು, ಎಂಟರ ಹತ್ತಿರ ಉಪ್ಪುನೀರು ಬರುವ ತೋಡು ಏನಾದರೂ ಇದೆಯೇ ಎಂದು ನೋಡಿಲ್ಲ. ಎರಡು ಬಾವಿಗಳಿಂದ ಇಷ್ಟು ದೊಡ್ಡ ಮಾತು ಹೇಳಲಾಗದು. ಮಾತು ಸ್ವಲ್ಪ ಬಿಗಿಯಾಯಿತು, ಎರಡು ದಿನ ಆಕೆ ವಿಭಾಗದ ಕಡೆ ಬರಲಿಲ್ಲ. ಮೂರನೆಯ ದಿನ ಬಂದಾಗ ಕೈಯಲ್ಲಿ ಮೂರನೆಯ ಹಾಳೆಯಿತ್ತು. ಅದರಲ್ಲಿ ಒಂದೇ ಹೊಸ ಗುರಿ: ಉಳಿದ ಎರಡು ಸುತ್ತುಗಳಲ್ಲಿ 11 ಮನೆಗಳಲ್ಲೂ ಪಂಪ್ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ ಎಂದು ಕೇಳಿ ಬರೆಯುವುದು, ಕಾರಣದ ಬಗ್ಗೆ 'ಇರಬಹುದು' ಎಂಬುದಕ್ಕಿಂತ ಹೆಚ್ಚು ಹೇಳದಿರುವುದು.

ಕೇಳಲು ಹೋದಾಗಲೇ ಊರಿನ ಹೆಸರಿನ ವಿಷಯ ಎದ್ದದ್ದು. ಒಬ್ಬರು, "ನಮ್ಮ ಬಾವಿ ಉಪ್ಪು ಅಂತ ಪುಸ್ತಕದಲ್ಲಿ ಬಂದರೆ ನಾಳೆ ಜಾಗ ಯಾರು ತೆಗೆದುಕೊಳ್ಳುತ್ತಾರೆ ಮಗಾ?" ಎಂದರಂತೆ. ನ್ಯಾಯವಾದ ಪ್ರಶ್ನೆ. ಪ್ರಬಂಧದಲ್ಲಿ ಬಾವಿಗಳಿಗೆ ಸಂಖ್ಯೆ ಮಾತ್ರ, ಊರಿಗೆ ಹೆಸರಿಲ್ಲ, ನಕ್ಷೆಯಿಲ್ಲ, ಆಯಾ ಮನೆಯ ಫಲಿತಾಂಶ ಆಯಾ ಮನೆಗೇ ಚೀಟಿಯಲ್ಲಿ ಕೊಡುವುದು ಎಂದು ಆಕೆ ಮಾತು ಕೊಟ್ಟು ಬಂದಳು. ಇಂಥ ಒಪ್ಪಿಗೆಯನ್ನು ನವೆಂಬರ್‌ನಲ್ಲೇ ಪಡೆಯಬೇಕಿತ್ತು. ಆ ಸಾಲು ಎರಡನೆಯ ಹಾಳೆಯಲ್ಲಿ ಇರದಿದ್ದದ್ದು ನನ್ನ ಮರೆವು.

ವರ್ಷದ ಕೊನೆ

ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ ಕ್ಲೋರೈಡ್‌ನ ಸ್ವೀಕಾರಾರ್ಹ ಮಿತಿ ಲೀಟರಿಗೆ 250 ಮಿಲಿಗ್ರಾಂ, ಬೇರೆ ಮೂಲವಿಲ್ಲದಾಗ 1,000. ಏಪ್ರಿಲ್‌ನಲ್ಲಿ 250ನ್ನು ದಾಟಿದ್ದು ಒಂದೇ ಬಾವಿ. 250 ಎಂಬುದು ಮುಖ್ಯವಾಗಿ ರುಚಿಗೆ ಸಂಬಂಧಿಸಿದ ಗಡಿಯೇ ಹೊರತು ಕಾಯಿಲೆಯದ್ದಲ್ಲ. ಮೊದಲ ಹಾಳೆಯ 'ಸಾರ್ವಜನಿಕರ ಆರೋಗ್ಯ' ಉಳಿದಿದ್ದರೆ ಆ ಅಧ್ಯಾಯದಲ್ಲಿ ಏನು ಬರೆಯುತ್ತಿದ್ದಳೋ ಎಂದು ಯೋಚಿಸಿದರೆ ಈಗಲೂ ಕಸಿವಿಸಿಯಾಗುತ್ತದೆ. ದೂರ ಮತ್ತು ಕ್ಲೋರೈಡ್‌ಗೆ ಸಂಬಂಧ ಕಂಡುಬಂತು, ಆದರೆ ಮೂರು ಮತ್ತು ಎಂಟು ಆ ಸಂಬಂಧಕ್ಕೆ ಒಳಪಡಲಿಲ್ಲ. ಪಂಪಿನ ಗಂಟೆಗಳ ಲೆಕ್ಕ ಎರಡೇ ತಿಂಗಳದ್ದು, ಅದೂ ಮನೆಯವರು ಅಂದಾಜಿನಲ್ಲಿ ಹೇಳಿದ್ದು; ಅದನ್ನು ಪ್ರಬಂಧದ ಅನುಬಂಧದಲ್ಲಷ್ಟೇ ಸೇರಿಸಿದೆವು.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು, ಹನ್ನೊಂದೇ ಬಾವಿ ಏಕೆ, ಕೋಷ್ಟಕದಲ್ಲಿ ಐದು ಕಡೆ ಖಾಲಿ ಏಕೆ ಎಂದು ಕೇಳಿದರು. ಆಕೆ ಎರಡನ್ನೂ ನಡೆದ ಹಾಗೆಯೇ ಹೇಳಿದಳು, ನವೆಂಬರ್‌ನ ಗೆರೆ ಎಳೆದ ಪುಟವನ್ನು ತೆರೆದು ತೋರಿಸಿದಳು. ಅವರಿಗೆ ಅದು ಪೂರ್ತಿ ಹಿಡಿಸಿತು ಎನ್ನಲಾರೆ. ಪ್ರಬಂಧದ ಅಂಕ ತೊಂಬತ್ತನ್ನು ಮುಟ್ಟಲಿಲ್ಲ. ಪತ್ರಿಕೆಗೆ ಲೇಖನ ಕಳುಹಿಸಲಿಲ್ಲ. ಇನ್ನೊಂದು ಬೇಸಿಗೆಯ ಅಳತೆ ಇಲ್ಲದೆ ಕಳುಹಿಸುವುದು ಬೇಡ ಎಂದು ಇಬ್ಬರಿಗೂ ಅನ್ನಿಸಿತ್ತು. ಏಪ್ರಿಲ್ 30ರ ಪ್ರಶ್ನೆಗೆ ಆಕೆ ಬರೆದ ಉತ್ತರ ಹೀಗಿದೆ: 'ಪ್ರಯೋಗಾಲಯ ಇಷ್ಟ. ಜನರ ಮನೆಗೆ ಹೋಗುವುದು ಮೊದಲು ಇಷ್ಟವಿರಲಿಲ್ಲ, ಈಗ ಇದೆ. ಬರೆಯುವುದು ಕಷ್ಟ. ಎಂಎಸ್ಸಿ ಆದ ಮೇಲೆ ಮತ್ತೊಮ್ಮೆ ಕೇಳಿಕೊಳ್ಳುವುದು.' ಆಕೆಯ ತಾಯಿ ಮತ್ತೊಮ್ಮೆ ಸಿಕ್ಕಾಗ ವರ್ಷದ ಬಗ್ಗೆ ಹೇಳಿದ್ದು ಬೇರೆ: "ಊರವರ ಬಾವಿ ಎಲ್ಲ ಅಳೆದು ಬಂದಳು ಸರ್, ಮನೆಯಲ್ಲಿ ಮಾತ್ರ ಒಂದು ಕೊಡ ನೀರು ಸೇದುವುದಿಲ್ಲ."

ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಆಕೆ ಚೀಟಿಗಳನ್ನು ಹಂಚಲು ಹೋದಳು. ಪ್ರತಿ ಚೀಟಿಯಲ್ಲಿ ಆ ಮನೆಯ ಬಾವಿಯ ಆರು ತಿಂಗಳ ಸಂಖ್ಯೆಗಳು, ಯಾವ ತಿಂಗಳು ಸಿಗಲಿಲ್ಲವೋ ಅಲ್ಲಿ ಅಡ್ಡಗೆರೆ, ಕೆಳಗೆ ಕನ್ನಡದಲ್ಲಿ ಎರಡು ಸಾಲು ವಿವರಣೆ. ಗಂಜಿಯ ಅಜ್ಜಿ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟರಂತೆ. ಒಂಬತ್ತು ಮನೆಗಳಿಗೆ ತಲುಪಿದವು. ಎರಡು ಮನೆಗಳವರು ಬೇಸಿಗೆ ರಜೆಗೆ ಮಕ್ಕಳ ಬಳಿ ಮುಂಬಯಿಗೆ ಹೋಗಿದ್ದರಿಂದ ಬಾಗಿಲು ಹಾಕಿತ್ತು. ಆ ಎರಡು ಚೀಟಿಗಳನ್ನು ಆಕೆ ನನ್ನ ಬಳಿ ಬಿಟ್ಟುಹೋಗಿದ್ದಾಳೆ, ಮೇಜಿನ ಮೇಲಿನ ಖಾನೆಯಲ್ಲಿವೆ.